ಹೆಸರು ಬೇಡವೆಂದ ರಿಕ್ರೂಟರ್ ಮೇಡಂಗೆ

ಕಂಪನಿಯಲ್ಲಿ ನಮ್ಮ ವಿಭಾಗ ಮುಚ್ಚಿ ಕೆಲಸ ಹೋದ ಮೇಲೆ ದಾವಣಗೆರೆಯ ಮನೆಯಲ್ಲಿ ಕೂತು, ಉದ್ಯೋಗ ಸಂಪರ್ಕದ ತಾಣ ಲಿಂಕ್ಡ್‌ಇನ್‌ನಲ್ಲಿ ಬೆಂಗಳೂರು, ಪುಣೆಯ ರಿಕ್ರೂಟರ್‌ಗಳಿಗೆ, ಅಂದರೆ ಕಂಪನಿಗಳಿಗೆ ಜನರನ್ನು ಹುಡುಕಿಕೊಡುವವರಿಗೆ, ಬರೆಯುತ್ತಲೇ ಇದ್ದೆ. ಹೆಚ್ಚಿನವರು ನೋಡಿ ಸುಮ್ಮನಾದರು. ಸಾಲದ ಕಂತಿನ ತಾರೀಖು ಹತ್ತಿರ ಬಂದಂತೆ ನಿದ್ದೆ ಹತ್ತುತ್ತಿರಲಿಲ್ಲ.

ಆಗ ಬಂದದ್ದು ನಿಮ್ಮ ಉತ್ತರ, ಮೇಡಂ. ನಾನು ಕೇಳಿದ ಹುದ್ದೆ ಭರ್ತಿಯಾಗಿತ್ತು. ಆದರೂ ಫೋನ್ ಮಾಡಿದಿರಿ. ನನ್ನ ಇಂಗ್ಲಿಷ್ ತಡವರಿಸಿದ್ದು ಕೇಳಿ ನೀವೇ ಕನ್ನಡಕ್ಕೆ ಬಂದು, “ನಿಧಾನಕ್ಕೆ ಹೇಳ್ರಿ, ಅವಸರ ಏನಿಲ್ಲ” ಅಂದಿರಿ. ಎಷ್ಟೋ ದಿನದ ಮೇಲೆ ಎದೆ ಹಗುರಾಯಿತು.

ರಿಕ್ರೂಟರ್‌ಗಳು ಹುದ್ದೆ, ಕೌಶಲದ ಪದ ಹಾಕಿ ಹುಡುಕುತ್ತಾರೆಂದು ವಿವರಿಸಿ, ನನ್ನ ಪ್ರೊಫೈಲ್‌ನಲ್ಲಿ ಹೆಸರಿನ ಕೆಳಗಿನ ಸಾಲಿನಲ್ಲಿ ‘ಕ್ವಾಲಿಟಿ ಎಂಜಿನಿಯರ್, ಸಿಎನ್‌ಸಿ ಬಿಡಿಭಾಗ, ಸಿಎಂಎಂ’ ಎಂದು ಬರೆಸಿದಿರಿ (ಸಿಎನ್‌ಸಿ ಎಂದರೆ ಕಂಪ್ಯೂಟರ್ ನಿಯಂತ್ರಿತ ಯಂತ್ರ, ಸಿಎಂಎಂ ಎಂದರೆ ಬಿಡಿಭಾಗದ ಅಳತೆ ನೋಡುವ ಯಂತ್ರ). ಕೆಲಸ ಹುಡುಕುತ್ತಿದ್ದೇನೆಂದು ತೋರಿಸುವ ‘ಓಪನ್ ಟು ವರ್ಕ್’ ಗುರುತನ್ನು ರಿಕ್ರೂಟರ್‌ಗಳಿಗೆ ಮಾತ್ರ ಕಾಣುವಂತೆ ಇಡಬಹುದೆಂದು ಗೊತ್ತಾದದ್ದೂ ನಿಮ್ಮಿಂದಲೇ. ನೆಂಟರಿಷ್ಟರ ಪ್ರಶ್ನೆಗೆ ಅಂಜುತ್ತಿದ್ದ ನನಗೆ ಅದು ದೊಡ್ಡ ನೆಮ್ಮದಿ. ಕಾಲೇಜಿನ ಪುಟದಲ್ಲಿ ಹಳೆಯ ವಿದ್ಯಾರ್ಥಿಗಳು ಯಾವ ಕಂಪನಿಗಳಲ್ಲಿದ್ದಾರೆಂದು ನೋಡಬಹುದು ಎಂದು ಹೇಳಿ, ನಾನು ನಮ್ಮ ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜಿನ ಪುಟ ತೆರೆಯುವವರೆಗೂ ಫೋನ್ ಇಡಲಿಲ್ಲ. ಅತ್ತ ಮಗು ಅಳುತ್ತಿತ್ತು. “ಒಂದ್ ನಿಮಿಷ ಇರ್ರಿ” ಎಂದು ಹೋಗಿ, ಎತ್ತಿಕೊಂಡೇ ಬಂದು ಮಾತು ಮುಂದುವರಿಸಿದಿರಿ. ಇದನ್ನು ನಾನು ಮರೆಯಲಾರೆ.

ಅದೇ ಸಂಜೆ ಪರಿಚಯದ ಎಚ್‌ಆರ್ ಒಬ್ಬರಿಗೆ ನನ್ನ ರೆಸ್ಯೂಮೆ ಕಳಿಸಿ, ಮೇಲ್‌ನ ಪ್ರತಿ ನನಗೂ ಹಾಕಿದ್ದಿರಿ. ಅದರಿಂದ ನಿಮಗೇನೂ ಬರುವುದಿತ್ತೇ? ಇಲ್ಲ.

ಬರುವ ತಿಂಗಳು ಆ ಎಚ್‌ಆರ್ ಅವರ ಕಂಪನಿಯಲ್ಲೇ ಕೆಲಸಕ್ಕೆ ಸೇರುತ್ತಿದ್ದೇನೆ. ಹೆಸರು ಹಾಕಬೇಡಿ ಎಂದಿರಿ, ಹಾಕಿಲ್ಲ. ಊರ ಕಡೆ ಬಂದರೆ ಒಂದು ಫೋನ್ ಮಾಡಿ; ಬೆಣ್ಣೆದೋಸೆ ತಿನ್ನಿಸದೆ ಅಮ್ಮ ನಿಮ್ಮನ್ನು ಕಳಿಸುವುದಿಲ್ಲ.