ಸರ್ಪಗಂಧ ಸರಿ, ಡಾ. ವಕೀಲ್ ಎಲ್ಲಿ?

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಸರ್ಪಗಂಧದ ಬಗ್ಗೆ ಬಂದ ಲೇಖನ ಓದಿದೆ. ಗಿಡದ ಫೋಟೊ ಚೆನ್ನಾಗಿತ್ತು. ಆದರೆ ‘ಬೇರಿನ ಪುಡಿ ತಿಂದರೆ ಬಿ.ಪಿ. ಇಳಿಯುತ್ತದೆ’ ಅಂತ ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದ್ದಾರೆ. ಎಷ್ಟು ಪುಡಿ, ಯಾರಿಗೆ, ಎಷ್ಟು ದಿನ? ಇದನ್ನೆಲ್ಲ ರೋಗಿಗಳಲ್ಲಿ ಅಳೆದು ನೋಡಿದವರ ಹೆಸರೂ ಅಲ್ಲಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್ ಆಗಿ ವರ್ಷಗಟ್ಟಲೆ ಬಿ.ಪಿ. ಮಾತ್ರೆ ಎಣಿಸಿ ಕೊಟ್ಟವನು ನಾನು. ಓದಿ ಸುಮ್ನೆ ಇರಲು ಆಗಲಿಲ್ಲ.

ಆ ಹೆಸರು ಡಾ. ರುಸ್ತುಂ ಜಾಲ್ ವಕೀಲ್. 1911ರಲ್ಲಿ ಹುಟ್ಟಿದ ಮುಂಬೈಯ ಪಾರ್ಸಿ. ಲಂಡನ್ನಿನಲ್ಲಿ ಓದಿ ಬಂದು ಮುಂಬೈಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಹೃದ್ರೋಗಿಗಳನ್ನು ನೋಡುತ್ತಿದ್ದರು. ಆಗ ಬಿ.ಪಿ.ಗೆ ಹೇಳಿಕೊಳ್ಳುವಂಥ ಮಾತ್ರೆಯೇ ಇರಲಿಲ್ಲ. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ 1945ರಲ್ಲಿ ಮೆದುಳಿನಲ್ಲಿ ರಕ್ತಸ್ರಾವವಾಗಿ ತೀರಿಕೊಂಡರು. ಅವರ ಬಿ.ಪಿ. ವರ್ಷಗಳಿಂದ ಏರುತ್ತಲೇ ಇತ್ತು. ಅಂಥವರಿಗೇ ಔಷಧಿ ಇರಲಿಲ್ಲ ಅಂದಮೇಲೆ ನಮ್ಮಂಥವರ ಪಾಡೇನು?

ಸರ್ಪಗಂಧದ ಗುಣ ಮೊದಲು ಹೇಳಿದವರು ವಕೀಲ್ ಅಲ್ಲ. ಬಿಹಾರದ ಕಡೆ ಹುಚ್ಚಿಗೆ, ನಿದ್ದೆಗೆ ಈ ಬೇರನ್ನು ಹಿಂದಿನಿಂದಲೂ ಕೊಡುತ್ತಿದ್ದರು. ಬಿ.ಪಿ. ಇಳಿಸುತ್ತದೆ ಅಂತ ಕಲ್ಕತ್ತೆಯ ಸೇನ್ ಮತ್ತು ಬೋಸ್ 1931ರಲ್ಲೇ ಬರೆದಿದ್ದರು. ವಕೀಲ್ ಮಾಡಿದ್ದು ಬೇಸರ ಬರಿಸುವಂಥ, ಆದರೆ ಯಾರಾದರೂ ಮಾಡಲೇಬೇಕಿದ್ದ ಕೆಲಸ. 50 ರೋಗಿಗಳನ್ನು ಆರಿಸಿಕೊಂಡು ಬೇರಿನ ಮಾತ್ರೆ ಕೊಟ್ಟರು. ಮೇಲಿನ ಅಂಕಿ ಎಷ್ಟು ಇಳಿಯಿತು, ಕೆಳಗಿನದು ಎಷ್ಟು ಇಳಿಯಿತು ಅಂತ ಅಳೆದು ಬರೆದಿಟ್ಟರು. 1949ರಲ್ಲಿ ಅದು ‘ಬ್ರಿಟಿಷ್ ಹಾರ್ಟ್ ಜರ್ನಲ್’ನಲ್ಲಿ ಬಂತು. ಅದರ ಬೆನ್ನಲ್ಲೇ ಬಾಸ್ಟನ್ನಿನ ಡಾ. ರಾಬರ್ಟ್ ವಿಲ್ಕಿನ್ಸ್ ತಮ್ಮ ರೋಗಿಗಳಿಗೂ ಕೊಟ್ಟು ನೋಡಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಎಂಬ ಔಷಧಿ ಕಂಪನಿಯವರು ಬೇರಿನಿಂದ ಬಿ.ಪಿ. ಇಳಿಸುವ ಅಂಶವಾದ ರೆಸರ್ಪಿನ್ ತೆಗೆದರು. ವಕೀಲರಿಗೆ 1957ರಲ್ಲಿ ವೈದ್ಯಕೀಯ ಸಂಶೋಧನೆಗೆ ಕೊಡುವ ಅಮೆರಿಕದ ಲಾಸ್ಕರ್ ಪ್ರಶಸ್ತಿ, ಮರುವರ್ಷ ಪದ್ಮಭೂಷಣ ಸಿಕ್ಕಿತು.

ಮುಂದಿನ ಕಥೆ ನನಗೆ ಇನ್ನೂ ಇಷ್ಟ. ವಯಸ್ಸಾದಂತೆ ಬಿ.ಪಿ. ಏರುವುದು ಸಹಜ, ಇಳಿಸಲು ಹೋಗಬಾರದು ಅಂತ ಎಷ್ಟೋ ಡಾಕ್ಟರುಗಳೇ ನಂಬಿದ್ದ ಕಾಲ ಅದು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ಡಾ. ಎಡ್ವರ್ಡ್ ಫ್ರೈಸ್ ಇದನ್ನು ಪರೀಕ್ಷಿಸಿಯೇ ನೋಡಿದರು. 73 ಜನರಿಗೆ ಔಷಧಿ, 70 ಜನರಿಗೆ ಔಷಧಿ ಇಲ್ಲದ ಖಾಲಿ ಮಾತ್ರೆ. ಯಾರು ಸರಿಯಾಗಿ ಮಾತ್ರೆ ನುಂಗುತ್ತಾರೆ ಅಂತ ತಿಳಿಯಲು ಮೊದಲೇ ಬಿ2 ವಿಟಮಿನ್ ಬೆರೆಸಿದ ಮಾತ್ರೆ ಕೊಟ್ಟು, ಮೂತ್ರದಲ್ಲಿ ಅದರ ಹೊಳಪು ನೋಡುತ್ತಿದ್ದರಂತೆ! 1967ರಲ್ಲಿ ಫಲಿತಾಂಶ ಬಂತು. ಖಾಲಿ ಮಾತ್ರೆಯವರಲ್ಲಿ 27 ಜನರಿಗೆ ಸಾವು ಇಲ್ಲವೇ ಪಾರ್ಶ್ವವಾಯುವಿನಂಥ ದೊಡ್ಡ ತೊಂದರೆ. ಔಷಧಿ ತಿಂದವರಲ್ಲಿ ಇಬ್ಬರಿಗೆ ಮಾತ್ರ. ಆ ಔಷಧಿಯಲ್ಲಿದ್ದ ಮೂರರಲ್ಲಿ ಒಂದು ರೆಸರ್ಪಿನ್. ಇವತ್ತು ನಾವು ನುಂಗುವ ಅಮ್ಲೊಡಿಪಿನ್ ಬೇರೆಯೇ ಔಷಧಿ, ನಿಜ. ಆದರೆ ಬಿ.ಪಿ. ಇಳಿಸಿದರೆ ಜೀವ ಉಳಿಯುತ್ತದೆ ಅಂತ ಗೊತ್ತಾಗಿದ್ದು ಇಂಥವರಿಂದಲೇ.

ಇನ್ನು ಪುಡಿಯ ವಿಷಯ. ಬೇರಿನಲ್ಲಿ ಔಷಧಿಯ ಅಂಶ ಎಲ್ಲ ಗಿಡದಲ್ಲೂ ಒಂದೇ ಸಮ ಇರುವುದಿಲ್ಲ. ಜಾಸ್ತಿಯಾದರೆ ಮೂಗು ಕಟ್ಟುತ್ತದೆ, ಮನಸ್ಸು ಕುಗ್ಗುತ್ತದೆ. ನಮ್ಮ ಪಕ್ಕದ ಊರಿನ ಅಡಿಕೆ ತೋಟದ ಹಿರಿಯರೊಬ್ಬರು ಯಾರದೋ ಮಾತು ಕೇಳಿ ಮಾತ್ರೆ ಬಿಟ್ಟು ಪುಡಿ ಶುರು ಮಾಡಿದ್ದರು. ನೋಡಲು ಹೋದರೆ ಬಾಯಲ್ಲೇ ಉಸಿರಾಡುತ್ತಾ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು. ಯಕ್ಷಗಾನ ಅಂದರೆ ಊಟ ಬಿಡುತ್ತಿದ್ದವರು, ಊರಲ್ಲೇ ಆಟ ಇದ್ದರೂ ಏಳಲಿಲ್ಲ. ‘ಏನೂ ಬೇಡ ಅನ್ನಿಸ್ತದೆ ಮಾರಾಯಾ’ ಅಂದರು. ಡಾಕ್ಟರು ಪುಡಿ ನಿಲ್ಲಿಸಿ ಬೇರೆ ಮಾತ್ರೆ ಕೊಟ್ಟ ಮೇಲೆ ನಿಧಾನಕ್ಕೆ ಚೇತರಿಸಿಕೊಂಡರು.

ದಯವಿಟ್ಟು ಮುಂದಿನ ಪುರವಣಿಯಲ್ಲಿ ಎರಡು ಸಾಲು ಹಾಕಿ. ಡಾಕ್ಟರನ್ನು ಕೇಳದೆ ಯಾರೂ ಬಿ.ಪಿ. ಮಾತ್ರೆ ಬಿಡಬಾರದು, ಬೇರು ಕುಟ್ಟಿ ತಿನ್ನಬಾರದು. ಮೇ 17ಕ್ಕೆ ವಿಶ್ವ ರಕ್ತದೊತ್ತಡ ದಿನ ಬರುತ್ತದೆ. ಅಂದು ಡಾ. ವಕೀಲರ ಬಗ್ಗೆ ಅರ್ಧ ಪುಟವಾದರೂ ಕೊಡಿ.

– ನಿವೃತ್ತ ಫಾರ್ಮಸಿಸ್ಟ್, ಸಾಗರ ತಾಲ್ಲೂಕು