ಗುಡಿ ನೋಡಿದಿರಿ, ಭಾಷೆಯನ್ನೂ ಕೇಳಿ

ಮಾನ್ಯ ಸಂಪಾದಕರೇ,

ವಿಯೆಟ್ನಾಂ ಪ್ರವಾಸದ ಲೇಖನಗಳು ಈಚೆಗೆ ಪತ್ರಿಕೆಗಳಲ್ಲಿ ಜಾಸ್ತಿಯಾಗಿವೆ. ಮೀ ಸನ್‌ನ ಇಟ್ಟಿಗೆ ಗುಡಿಗಳು, ಶಿವಲಿಂಗದ ಫೋಟೊ, 'ನಮ್ಮ ಸಂಸ್ಕೃತಿ ಅಲ್ಲಿಗೂ ಹೋಗಿತ್ತು' ಅನ್ನೋ ಹೆಮ್ಮೆ. ಅಲ್ಲಿಗೆ ಮುಗಿಯಿತು. ಆ ಗುಡಿ ಕಟ್ಟಿದ ಚಾಮ್ ಜನ ಈಗಲೂ ಇದ್ದಾರೆ, ಅವರ ಭಾಷೆ ಮನೆಗಳಲ್ಲಿ ನಡೆಯುತ್ತಿದೆ ಎಂಬ ಒಂದು ಸಾಲು ಕೂಡ ಇರುವುದಿಲ್ಲ.

ನಾನು ಚಿತ್ರದುರ್ಗದಲ್ಲಿ ಹೈಸ್ಕೂಲ್ ಮಕ್ಕಳಿಗೆ ಇತಿಹಾಸ ಹೇಳುವವನು. ಚಂದ್ರವಳ್ಳಿಯಲ್ಲಿ ಕೆರೆ ಕಟ್ಟಿಸಿದ್ದನ್ನು ಮಯೂರಶರ್ಮ ಬಂಡೆಯ ಮೇಲೆ ಬರೆಸಿದ್ದಾನಲ್ಲ, ಅದು ಪ್ರಾಕೃತ. ಬ್ರಹ್ಮಗಿರಿಯ ಅಶೋಕನದ್ದೂ ಅಷ್ಟೇ. ಪೂರ್ಣ ಪ್ರಮಾಣದ ಕನ್ನಡ ಶಾಸನಕ್ಕೆ ಹಲ್ಮಿಡಿವರೆಗೆ, ಅಂದರೆ ಸುಮಾರು 450ರವರೆಗೆ ಕಾಯಬೇಕು. ಮೀ ಸನ್ ಸೀಮೆಯಲ್ಲೇ ಸಿಕ್ಕ ಡಾಂಗ್ ಯೆನ್ ಚಾವ್ ಶಾಸನ ಮಾತ್ರ ಹಳೆಯ ಚಾಮ್ ಭಾಷೆಯಲ್ಲೇ ಇದೆ. 4ನೇ ಶತಮಾನದ್ದು ಎನ್ನುತ್ತಾರೆ. ಅಕ್ಷರ ಬ್ರಾಹ್ಮಿಯ ಕಡೆಯದು, ಮಾತು ಅವರದ್ದು. ಮಲಯ್, ಜಾವಾ ಭಾಷೆಗಳೂ ಸೇರಿದ ಇಡೀ ಆಸ್ಟ್ರೊನೇಷ್ಯನ್ ಕುಟುಂಬದಲ್ಲಿ ಇದಕ್ಕಿಂತ ಹಳೆಯ ಬರಹ ಸಿಕ್ಕಿಲ್ಲ. ಆ ಶಾಸನ ಹೇಳುವಂತೆ, ರಾಜನ ನಾಗನಿಗೆ ಗೌರವ ಕೊಟ್ಟವರಿಗೆ ಸ್ವರ್ಗದಿಂದ ರತ್ನ ಉದುರುತ್ತವಂತೆ. ಅವಮಾನ ಮಾಡಿದವರು ತಮ್ಮ ಏಳು ಕುಲದ ಸಮೇತ 1000 ವರ್ಷ ನರಕದಲ್ಲಿ ಬಿದ್ದಿರಬೇಕು. ನಮ್ಮ ಶಾಸನಗಳ ಕೊನೆಯ ಶಾಪ ಗೊತ್ತಿರುವವರಿಗೆ ನಗು ಬಂದೀತು. ದತ್ತಿ ಭೂಮಿ ಕಿತ್ತುಕೊಂಡವನನ್ನು ನಾವು 60 ಸಾವಿರ ವರ್ಷ ಹೇಲಿನ ಹುಳ ಮಾಡಿ ಕೂರಿಸುತ್ತೇವೆ. ಅವರೇ ವಾಸಿ, ಅಲ್ವಾ?

ಚಾಮ್ ಒಂಟಿಯೂ ಅಲ್ಲ. ಜರಾಯ್, ರಡೆ, ರೊಗ್ಲಾಯ್, ಚ್ರು ಎಂಬ ದಾಯಾದಿ ಭಾಷೆಗಳು ವಿಯೆಟ್ನಾಂನ ಬೆಟ್ಟಸೀಮೆಯಲ್ಲಿವೆ. ಅಲ್ಲಿ ಜರಾಯ್ ಜನರೇ 5 ಲಕ್ಷ ದಾಟಿದ್ದಾರೆ. ಚೀನಾದ ಹೈನಾನ್ ದ್ವೀಪಕ್ಕೆ ಹೋಗಿ ನೆಲೆಸಿದವರ ತ್ಸಾತ್ ಭಾಷೆಯದು ಇನ್ನೂ ಮಜಾ. ನೆರೆಯವರ ಸಹವಾಸದಲ್ಲಿ ಅದು ದನಿ ಏರಿಸಿ ಇಳಿಸಿದರೆ ಅರ್ಥವೇ ಬದಲಾಗುವ ಭಾಷೆಯಾಗಿಬಿಟ್ಟಿದೆ. ಕಾಂಬೋಡಿಯಾದ ಚಾಮರ ಪಾಡು ಬೇರೆ. 1975ರಿಂದ 79ರವರೆಗೆ ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟರ ಆಳ್ವಿಕೆಯಲ್ಲಿ ಅವರು ತಮ್ಮ ಭಾಷೆ ಮಾತಾಡುವುದೇ ಅಪರಾಧವಾಗಿತ್ತು.

ಈಗ ನಮ್ಮೂರಿನವರೂ ಪ್ಯಾಕೇಜ್ ಟೂರಿನಲ್ಲಿ ವಿಯೆಟ್ನಾಂನ ದನಾಂಗ್ ನಗರಕ್ಕೆ ಹೋಗಿ ಬರುತ್ತಿದ್ದಾರೆ. ಅಲ್ಲಿಂದ ದಕ್ಷಿಣಕ್ಕೆ ಬಹುದೂರ ಹೋದರೆ ಫಾನ್ ರಾಂಗ್ ಎಂಬ ಊರಿದೆ. 1832ರವರೆಗೂ ಉಳಿದಿದ್ದ ಚಾಮರ ಪಾಂಡುರಂಗ ಸೀಮೆ ಅದೇ. ಚಾಮ್ ಮಾತು ಕೇಳಬೇಕೆಂದರೆ ಅಲ್ಲಿಗೆ ಹೋಗಬೇಕು. ಸುಮ್ನೆ ಗುಡಿ ಮುಂದೆ ಸೆಲ್ಫಿ ತೆಗೆದು ವಾಪಸ್ ಬಂದರೆ ಏನು ಗೊತ್ತಾಗುತ್ತದೆ?

ಮುಂದಿನ ಪ್ರವಾಸ ಪುಟದಲ್ಲಿ ಬೀಚಿನ ಫೋಟೊ ಒಂದು ಕಮ್ಮಿ ಮಾಡಿ, ಆ ನಾಗನ ಶಾಸನದ ಫೋಟೊ ಹಾಕಿ. ನಮ್ಮ ತರಗತಿ ಗೋಡೆಗೆ ಅಂಟಿಸಿಕೊಳ್ಳುತ್ತೇವೆ.

ಇತಿಹಾಸದ ಮೇಷ್ಟ್ರು, ಚಿತ್ರದುರ್ಗ