ಗಾಯವಾದವನ ದಿನಗೂಲಿ

ಸಂಪಾದಕರಿಗೆ ನಮಸ್ಕಾರ.

ಎರಡು ವಾರದ ಹಿಂದೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಕಂಪ್ಯೂಟರ್ ಆಟಗಳ ಬಗ್ಗೆ ಒಂದು ಲೇಖನ ಬಂದಿತ್ತು. ಕತ್ತಿ, ರಕ್ತ ಇರುವ ಆಟ ಆಡಿದವರ ಮನಸ್ಸು ಕಲ್ಲಾಗುತ್ತದೆ, ಮನುಷ್ಯನ ಜೀವ ಅವರಿಗೆ ಬರೀ ಅಂಕಿಯಾಗುತ್ತದೆ ಎಂದು ಅದರಲ್ಲಿತ್ತು. ಓದಿದ ಮೇಲೆ ಎರಡು ದಿನ ಅದೇ ತಲೆಯಲ್ಲಿ ಉಳಿಯಿತು. ಯಾಕೆಂದರೆ ನನ್ನ ವಿಷಯದಲ್ಲಿ ಆದದ್ದು ಇದಕ್ಕೆ ತಿರುಗುಮುರುಗು. ಪತ್ರ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ.

ನಾನು ಮುಧೋಳ ತಾಲ್ಲೂಕಿನವಳು. ಬಿ.ಕಾಂ. ಓದಿದ್ದೇನೆ. ನಮ್ಮ ಮನೆಯಲ್ಲಿ ಎರಡು ಟ್ರ್ಯಾಕ್ಟರ್ ಇವೆ. ಕಬ್ಬಿನ ಸೀಜನ್ ಬಂತೆಂದರೆ ಕಬ್ಬು ಕಡಿಯುವವರ ಎರಡು ಗ್ಯಾಂಗ್ ಕರೆಸುತ್ತೇವೆ. ಒಂದು ವಿಜಯಪುರ ಕಡೆಯದು, ಇನ್ನೊಂದು ಮಹಾರಾಷ್ಟ್ರದ ಬೀಡ ಕಡೆಯದು. ಯಾರಿಗೆ ಎಷ್ಟು ಮುಂಗಡ ಹೋಯಿತು, ಯಾವ ಹೊಲದಲ್ಲಿ ಎಷ್ಟು ಟನ್ ಬಿತ್ತು, ಸಂತೆಯ ದಿನ ಎಷ್ಟು ಖರ್ಚಿಗೆ ಕೊಟ್ಟೆವು, ಈ ಎಲ್ಲ ಲೆಕ್ಕದ ವಹಿ ಬರೆಯುವುದು ನನ್ನ ಕೆಲಸ. ಹನ್ನೊಂದು ವರ್ಷದಿಂದ ಬರೆಯುತ್ತಿದ್ದೇನೆ.

2016ರಲ್ಲಿ ನನ್ನ ತಮ್ಮ ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ. ರಜೆಗೆ ಬಂದಾಗ ಲ್ಯಾಪ್‌ಟಾಪ್ ತೆಗೆದು, "ಅಕ್ಕಾ, ಇದು ನಿನ್ನ ವಹಿ ಬರಿಯೋ ಕೆಲಸದಂಗ ಐತಿ ನೋಡು" ಎಂದ. ಆಟದ ಹೆಸರು ಬ್ಯಾಟಲ್ ಬ್ರದರ್ಸ್. ಜರ್ಮನಿಯ ಹ್ಯಾಂಬರ್ಗ್‌ನ ಓವರ್‌ಹೈಪ್ ಸ್ಟುಡಿಯೋಸ್ ಎಂಬ ಸಣ್ಣ ತಂಡ ಮಾಡಿದ್ದು. ಅದು ಆಗ ಇನ್ನೂ ಪೂರ್ತಿ ಆಗಿರಲಿಲ್ಲ. ಅರ್ಲಿ ಆ್ಯಕ್ಸೆಸ್ ಎನ್ನುತ್ತಾರೆ. ಮನೆಗೆ ಗಿಲಾವ್ ಆಗುವ ಮೊದಲೇ ಬಾಡಿಗೆಗೆ ಕೊಟ್ಟಂತೆ. ಇದ್ದಷ್ಟನ್ನು ಮಾರುತ್ತಾರೆ, ಕೊಂಡವರು ಆಡಿ ಎಲ್ಲಿ ಸೋರುತ್ತದೆ ಎಂದು ಹೇಳುತ್ತಾರೆ, ಮಾಡುವವರು ಸರಿ ಮಾಡುತ್ತಾ ಹೋಗುತ್ತಾರೆ. ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಈ ಪದ್ಧತಿ 2013ರಲ್ಲಿ ಶುರುವಾಯಿತು. ಈ ಆಟ ಅಲ್ಲಿಗೆ ಬಂದದ್ದು 2015ರ ಏಪ್ರಿಲ್‌ನಲ್ಲಿ, ಪೂರ್ತಿ ಆದದ್ದು 2017ರ ಮಾರ್ಚ್‌ನಲ್ಲಿ.

ಆಟ ಏನೆಂದರೆ, ನೀವು ಒಂದು ಬಾಡಿಗೆ ಸೈನಿಕರ ಕಂಪನಿಯ ಯಜಮಾನರು. ಯಾವ ರಾಜನ ಸೈನ್ಯವೂ ಅಲ್ಲ. ಊರೂರು ತಿರುಗಿ ಕೆಲಸ ಹಿಡಿಯುವ ಗುಂಪು. ಕಳ್ಳರನ್ನು ಓಡಿಸಿ ಎಂದು ಒಂದು ಊರಿನವರು, ಸಾಮಾನಿನ ಗಾಡಿ ಕಾಯಿರಿ ಎಂದು ಇನ್ನೊಂದು ಊರಿನವರು ದುಡ್ಡು ಕೊಡುತ್ತಾರೆ. ಶುರುವಿಗೆ ಇರುವುದು ಮೂರೇ ಜನ. ಆಮೇಲೆ ಊರಿನಲ್ಲಿ ಸಿಕ್ಕವರನ್ನು ಸೇರಿಸಿಕೊಳ್ಳಬೇಕು. ಸಿಗುವವರೆಲ್ಲ ಶೂರರಲ್ಲ. ಹೊಲದ ಆಳು, ಮೀನು ಹಿಡಿಯುವವನು, ಹಿಟ್ಟಿನ ಗಿರಣಿಯವನು, ಭಿಕ್ಷುಕ, ಕಳ್ಳ. ಸೇರುವಾಗ ಒಂದಿಷ್ಟು ಮುಂಗಡ, ಆಮೇಲೆ ದಿನಗೂಲಿ. ಊಟ ನಮ್ಮದು. ಕತ್ತಿ, ಕವಚ ರಿಪೇರಿಯ ಸಾಮಾನು ನಮ್ಮದು. ಮುಲಾಮು, ಪಟ್ಟಿ ನಮ್ಮದು. ಕೂಲಿ ತಪ್ಪಿದರೆ ಜನ ಮುನಿಸಿಕೊಳ್ಳುತ್ತಾರೆ, ಒಂದು ಬೆಳಿಗ್ಗೆ ಎದ್ದು ಹೊರಟೇ ಹೋಗುತ್ತಾರೆ. ಇದೆಲ್ಲ ಕೇಳಿದಾಗ ತಮ್ಮ ಹೇಳಿದ್ದು ನಿಜ ಅನಿಸಿತು.

ಜಗಳ ನಡೆಯುವುದು ಆರು ಮೂಲೆಯ ಮನೆಗಳ ಮೇಲೆ. ನಮ್ಮ ಗುಡಿಯ ಕಟ್ಟೆಯ ಮೇಲೆ ಕೆತ್ತಿದ ಹುಲಿ-ಕುರಿ ಆಟದ ಹಾಗೆ, ಒಬ್ಬರ ಸರದಿ ಮುಗಿದ ಮೇಲೆ ಇನ್ನೊಬ್ಬರದು. ಅವಸರವಿಲ್ಲ. ಒಲೆಯ ಮೇಲೆ ಅನ್ನ ಇಟ್ಟು ಬಂದು ಒಂದು ನಡೆ ನಡೆಸಬಹುದು. ಕಣಕ್ಕೆ ಇಳಿಯುವವರು ಹನ್ನೆರಡು ಜನ, ಕಂಪನಿಯಲ್ಲಿ ಇರಬಹುದಾದವರು ಒಟ್ಟು ಇಪ್ಪತ್ತು. ಹೊಡೆಯುವ ಮೊದಲು ಏಟು ತಾಗುವುದು ನೂರಕ್ಕೆ ಎಷ್ಟು ಎಂದು ತೋರಿಸುತ್ತದೆ. ಎಂಥ ಗಟ್ಟಿಗನಾದರೂ ಅದು 95 ದಾಟುವುದಿಲ್ಲ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಆಳುಗಳ ಹೆಸರನ್ನು ನಾವೇ ಬದಲಿಸಬಹುದು. ನಾನು ನಮ್ಮ ಸುತ್ತಿನ ಊರುಗಳ ಹೆಸರಿಟ್ಟೆ. ಬೀಳಗಿ, ಹಲಗಲಿ, ಮಹಾಲಿಂಗಪುರ, ತೇರದಾಳ. ಸಾಕಿದ ನಾಯಿಯನ್ನೂ ಕಣಕ್ಕೆ ಬಿಡಬಹುದು. ಮುಧೋಳದವಳಿಗೆ ಅದರ ಖುಷಿಯೇ ಬೇರೆ. ಒಮ್ಮೆ ಹೊಸ ಅಪ್‌ಡೇಟ್ ಬಂದು, ಅರವತ್ತು ದಿನ ಸಾಕಿದ ಕಂಪನಿಯ ಹಳೆಯ ಸೇವ್, ಅಂದರೆ ಉಳಿಸಿಟ್ಟ ಆಟ, ತೆರೆಯಲೇ ಇಲ್ಲ. ಆ ರಾತ್ರಿ ನಿಜವಾಗಿಯೂ ಸಂಕಟವಾಯಿತು. ಅರೆಬರೆ ಆಟ ಕೊಳ್ಳುವವರು ಇದಕ್ಕೆ ತಯಾರಿರಬೇಕು.

ಆದರೆ ಅದೇ ಅಪ್‌ಡೇಟ್‌ಗಳಿಂದ ಆಟ ಬೆಳೆಯಿತು. ತಮ್ಮ ಮೊದಲು ಆಡಿದಾಗ ಗಾಯದ ಪದ್ಧತಿಯೇ ಇರಲಿಲ್ಲವಂತೆ. ಬಿದ್ದವನು ಸತ್ತ, ಬದುಕಿದವನು ಸ್ವಲ್ಪ ದಿನಕ್ಕೆ ಮೊದಲಿನಂತಾದ. ಆಮೇಲೆ ಗಾಯಗಳನ್ನು ಸೇರಿಸಿದರು. ಕೈ ಮುರಿದರೆ ಇಷ್ಟು ದಿನ ಬೇಕು ಎಂದು ತೋರಿಸುತ್ತದೆ. ಅಷ್ಟು ದಿನ ಅವನನ್ನು ಹಿಂದೆ ಕೂರಿಸಬೇಕು. ಊರಿನ ಗುಡಿಯಲ್ಲಿ ದುಡ್ಡು ಕೊಟ್ಟು ಚಿಕಿತ್ಸೆ ಮಾಡಿಸಬಹುದು. ಕೆಲವು ಗಾಯ ವಾಸಿಯಾಗುವುದೇ ಇಲ್ಲ. ಕಣ್ಣು ಹೋಗುತ್ತದೆ, ಬೆರಳು ಹೋಗುತ್ತದೆ. ನನ್ನ ಲೋಕಾಪುರ ಎಂಬ ಮೀನುಗಾರ ಒಂದು ಜಗಳದಲ್ಲಿ ನೆಲಕ್ಕೆ ಬಿದ್ದ. ಸತ್ತನೆಂದೇ ತಿಳಿದಿದ್ದೆ. ಮುಗಿದ ಮೇಲೆ ನೋಡಿದರೆ ಉಸಿರಿತ್ತು, ಒಂದು ಬೆರಳು ಇರಲಿಲ್ಲ.

ಲೋಕಾಪುರ ಹಿಂದೆ ಕೂತಿದ್ದ. ಕಣಕ್ಕೆ ಇಳಿಯುತ್ತಿರಲಿಲ್ಲ. ಆದರೂ ಬೆಳಗಾದರೆ ಅವನ ಕೂಲಿ ಕಂಪನಿಯ ಗಂಟಿನಿಂದ ಹೋಗುತ್ತಿತ್ತು. ಊಟವೂ ಹೋಗುತ್ತಿತ್ತು. ಮೊದಲು ನನಗೆ ಸಿಟ್ಟು ಬಂತು. ಕೆಲಸ ಮಾಡದವನಿಗೆ ಕೂಲಿ ಯಾಕೆ ಎಂದು ತಮ್ಮನನ್ನು ಕೇಳಿದೆ. "ಗಾಯ ಆಗಿದ್ದು ಯಾರ ಕೆಲಸದಾಗ?" ಎಂದ. ಅವನು ಸಹಜವಾಗಿ ಹೇಳಿ ಸುಮ್ಮನಾದ. ನನಗೆ ಆ ಮಾತು ಹೋಗಲಿಲ್ಲ.

ಯಾಕೆ ಹೋಗಲಿಲ್ಲ ಎಂದರೆ, ನಮ್ಮ ವಹಿ ಹೇಗೆ ನಡೆಯುತ್ತದೆ ಎಂದು ಹೇಳಬೇಕು. ಕಬ್ಬು ಕಡಿಯುವವರಿಗೆ ದಿನಗೂಲಿ ಇಲ್ಲ, ಟನ್ನಿನ ಲೆಕ್ಕ. ಕೊಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಲೆಕ್ಕದಲ್ಲಿ ಗಂಡ ಹೆಂಡತಿ ಸೇರಿ ಒಂದು ಕೊಯ್ತಾ. ಗಂಡ ಕಡಿಯುತ್ತಾನೆ, ಹೆಂಡತಿ ರವದಿ, ಅಂದರೆ ಒಣ ಗರಿ, ಬಿಡಿಸಿ ಪೆಂಡಿ ಕಟ್ಟುತ್ತಾಳೆ, ಹಲಗೆ ಹತ್ತಿ ಟ್ರ್ಯಾಲಿಗೆ ಹಾಕುತ್ತಾಳೆ. ಸೀಜನ್‌ಗೆ ಮೊದಲೇ ಮುಂಗಡ ತೆಗೆದುಕೊಂಡಿರುತ್ತಾರೆ. ಕಡಿದ ಟನ್ನು ಆ ಮುಂಗಡವನ್ನು ತೀರಿಸುತ್ತಾ ಬರುತ್ತದೆ. ಒಂದು ದಿನ ಕಡಿಯಲಿಲ್ಲ ಎಂದರೆ ಆ ದಿನದ ಸಾಲ ಹಾಗೇ ಉಳಿಯಿತು. ಗಾಯವಾದರೂ ಅಷ್ಟೇ, ಜ್ವರ ಬಂದರೂ ಅಷ್ಟೇ.

2018ರ ಜನವರಿಯಲ್ಲಿ ವಿಜಯಪುರ ಗ್ಯಾಂಗಿನ ಒಬ್ಬ ಹಿರಿಯರ ಕಾಲಿಗೆ ಕೊಯ್ತಾ ಬಿತ್ತು. ಇಪ್ಪತ್ತು ವರ್ಷದಿಂದ ಕಬ್ಬು ಕಡಿದ ಕೈ ಅದು. ಬೆಳಗಿನ ಮಂಜಿಗೆ ಕಬ್ಬು ಒದ್ದೆಯಿತ್ತು, ಜಾರಿತು. ನೂರಕ್ಕೆ 95 ಎಂದೆನಲ್ಲ, ಉಳಿದ ಐದು ಅವತ್ತು ಬಂತು. ಐದು ಹೊಲಿಗೆ ಹಾಕಿದರು. ದವಾಖಾನೆಯ ಖರ್ಚು ನಾವೇ ಕೊಟ್ಟೆವು, ಅದು ಮೊದಲಿನಿಂದಲೂ ಕೊಡುತ್ತೇವೆ. ಹದಿನೇಳು ದಿನ ಅವರು ಗುಡಿಸಲಿನಲ್ಲಿ ಕೂತರು. ಹೆಂಡತಿ ಅರ್ಧ ಕೊಯ್ತಾ ಆಗಿ ಬೇರೆಯವರ ಜೊತೆ ಹೋದರು. ಸಂಜೆ ವಹಿ ಬರೆಯುವಾಗ ಅವರ ಹೆಸರಿನ ಮುಂದೆ ಹದಿನೇಳು ಸಲ ಸೊನ್ನೆ ಬರೆದೆ. ಅದಕ್ಕಿಂತ ಹಿಂದೆ ಎಷ್ಟೋ ಜನರ ಮುಂದೆ ಬರೆದಿದ್ದೆ. ಕೈ ತಡೆದಿರಲಿಲ್ಲ. ಈ ಸಲ ತಡೆಯಿತು. ಲೋಕಾಪುರ ನೆನಪಾದ.

ನಮ್ಮವರಿಗೆ ಹೇಳಿದೆ. ಅವರು ಕೆಟ್ಟವರಲ್ಲ. "ಎಲ್ಲ ಕಡೆ ಇರೋದೇ ಹಿಂಗ" ಎಂದರು. ಅದೂ ಸುಳ್ಳಲ್ಲ. ಹಾಗೆ ಯೋಚಿಸುತ್ತಿದ್ದಾಗ ನನಗೆ ಬಿಜಾಪುರದ ಆದಿಲ್‌ಶಾಹಿ ಕಾಲದ ಎರಡು ಮಾತು ನೆನಪಾದವು. ಶಿಲೇದಾರ, ಬಾರಗೀರ. ಇವತ್ತಿಗೂ ನಮ್ಮ ಕಡೆ ಇವು ಅಡ್ಡಹೆಸರುಗಳು. ಶಿಲೇದಾರ ಎಂದರೆ ಸ್ವಂತ ಕುದುರೆ, ಸ್ವಂತ ಆಯುಧ ತಂದು ಸಂಬಳಕ್ಕೆ ಸೇರುವವನು. ಅವನಿಗೆ ಸಂಬಳ ಜಾಸ್ತಿ. ಕುದುರೆ ಸತ್ತರೆ ಅವನದೇ ನಷ್ಟ. ಬಾರಗೀರನಿಗೆ ಕುದುರೆ ಕೊಡುವುದು ಸರ್ಕಾರ ಇಲ್ಲವೇ ಸರದಾರ. ಸಂಬಳ ಕಡಿಮೆ, ಆದರೆ ಕುದುರೆಯ ನಷ್ಟ ಅವನ ತಲೆಗೆ ಬರುವುದಿಲ್ಲ. ಅಂದರೆ ಸಂಬಳದ ಸಿಪಾಯಿಯನ್ನು ಇಟ್ಟುಕೊಳ್ಳುವಾಗ ನಷ್ಟ ಯಾರದು ಎಂದು ನಾನೂರು ವರ್ಷದ ಹಿಂದೆ ನಮ್ಮ ನೆಲದಲ್ಲಿ ಹೆಸರಿಟ್ಟು ಗೊತ್ತು ಮಾಡಿಕೊಂಡಿದ್ದರು. ಆ ಜರ್ಮನಿಯ ಆಟದಲ್ಲಿ ಕತ್ತಿ ಮುರಿದರೆ ಕಂಪನಿಯ ನಷ್ಟ, ಕೈ ಮುರಿದರೂ ಕಂಪನಿಯ ಖರ್ಚು. ನಮ್ಮ ಹೊಲದಲ್ಲಿ ಕೊಯ್ತಾವೂ ಅವರದೇ, ಕಾಲೂ ಅವರದೇ.

ವಿಮೆ ಇಲ್ಲವೇ ಎಂದು ಓದುಗರು ಕೇಳಬಹುದು. ಇದೆ. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ 2015ರಿಂದ ಇದೆ, ವರ್ಷಕ್ಕೆ ಈಗ 20 ರೂಪಾಯಿ. ನಾನೇ ಬ್ಯಾಂಕಿಗೆ ಕರೆದುಕೊಂಡು ಹೋಗಿ ಹಲವರಿಗೆ ಮಾಡಿಸಿದ್ದೇನೆ. ಎಲ್ಲರೂ ಮಾಡಿಸಬೇಕು. ಆದರೆ ಅದು ಅಪಘಾತದಲ್ಲಿ ಜೀವ ಹೋದರೆ 2 ಲಕ್ಷ, ಎರಡೂ ಕಣ್ಣು, ಎರಡೂ ಕೈ ಅಥವಾ ಎರಡೂ ಕಾಲು ಹೋದರೆ 2 ಲಕ್ಷ, ಒಂದು ಕಣ್ಣು, ಕೈ ಅಥವಾ ಕಾಲು ಹೋದರೆ 1 ಲಕ್ಷ ಕೊಡುವ ವಿಮೆ. ಹದಿನೇಳು ದಿನ ಕಾಲು ಮಡಚಿ ಕೂತವರಿಗೆ ಅದರಲ್ಲಿ ಏನೂ ಇಲ್ಲ. ಹೊಲದಲ್ಲಿ ಆಗುವ ಗಾಯ ಬಹಳಷ್ಟು ಇಂಥವೇ. ಹೊಲಿಗೆ, ಉಳುಕು, ಹಲಗೆಯಿಂದ ಬಿದ್ದು ಸೊಂಟ ಹಿಡಿದದ್ದು.

ಮುಂದಿನ ಸೀಜನ್‌ನಿಂದ ವಹಿಯಲ್ಲಿ ಒಂದು ಕಾಲಂ ಜಾಸ್ತಿ ಮಾಡಿದೆ. ಅದರ ಮೇಲೆ 'ಗಾಯದ ದಿನ' ಎಂದು ಬರೆದೆ. ಕೆಲಸದಲ್ಲಿ ಗಾಯವಾದರೆ, ಅವತ್ತು ಗ್ಯಾಂಗ್ ಕಡಿದ ಟನ್ನಿನಲ್ಲಿ ಒಂದು ಕೊಯ್ತಾಕ್ಕೆ ಎಷ್ಟು ಬೀಳುತ್ತದೋ ಅದರ ಅರ್ಧವನ್ನು ನಮ್ಮ ಕಮಿಷನ್‌ನಿಂದ ಕೊಡುವುದು. ಹೆಚ್ಚೆಂದರೆ 21 ದಿನ. ಸುಮ್ನೆ ಮಲಗುವವರು ಹುಟ್ಟಿಕೊಳ್ಳುತ್ತಾರೆ ಎಂದು ನಮ್ಮವರಿಗೆ ಭಯವಿತ್ತು. ಎರಡು ಸೀಜನ್‌ನಲ್ಲಿ ಬಂದವರು ಏಳು ಜನ. ಒಬ್ಬ ಹುಡುಗ ನಾಲ್ಕನೇ ದಿನಕ್ಕೇ ಪಟ್ಟಿ ಕಟ್ಟಿಕೊಂಡು ಹೊಲಕ್ಕೆ ಬಂದ, ನಾವೇ ವಾಪಸ್ ಕಳಿಸಿದೆವು. ತೊಂದರೆ ಬಂದದ್ದು ಬೇರೆ ಕಡೆಯಿಂದ. ಒಂದು ಗ್ಯಾಂಗಿನ ಮುಕಾದಮ, ಅಂದರೆ ಗ್ಯಾಂಗಿನ ಮುಖಂಡ, ಆ ದುಡ್ಡು ತನ್ನ ಕೈಗೆ ಕೊಡಿ ಎಂದರು. ಕೊಟ್ಟೆವು, ಗಾಯವಾದವರಿಗೆ ಮುಟ್ಟಲಿಲ್ಲ. ಈಗ ಸಂತೆಯ ದಿನ ಅವರ ಹೆಂಡತಿಯ ಕೈಗೇ ಎಣಿಸಿ ಕೊಡುತ್ತೇನೆ. ಹೆಂಗಸರಿಗೆ ಗಾಯವಾದರೂ ಅಷ್ಟೇ ಲೆಕ್ಕ. ಇದನ್ನು ಒಪ್ಪಿಸಲು ಇನ್ನೊಂದು ವರ್ಷ ಹಿಡಿಯಿತು.

ನಿಮ್ಮ ಲೇಖನದ ಎಲ್ಲ ಮಾತೂ ತಪ್ಪು ಎನ್ನುವುದಿಲ್ಲ. ಈ ಆಟದಲ್ಲಿಯೂ ಭಿಕ್ಷುಕರನ್ನು ಅಗ್ಗಕ್ಕೆ ತಂದು ಮುಂದಿನ ಸಾಲಿನಲ್ಲಿ ನಿಲ್ಲಿಸಿ ಸಾಯಿಸುವವರಿದ್ದಾರೆ. ಆಟ ಅದನ್ನು ತಡೆಯುವುದಿಲ್ಲ. ನನ್ನ ಹತ್ತು ವರ್ಷದ ಮಗನಿಗೆ ನಾನು ಇದನ್ನು ಕೊಟ್ಟಿಲ್ಲ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳು ಎಷ್ಟು ಮನೆ ಹಾಳು ಮಾಡಿವೆ ಎಂದು ನಮ್ಮ ಊರಲ್ಲೇ ನೋಡಿದ್ದೇನೆ. 2025ರ ಆಗಸ್ಟ್‌ನಲ್ಲಿ ಅದಕ್ಕೆ ಕೇಂದ್ರ ಕಾಯ್ದೆ ಬಂದದ್ದು ಒಳ್ಳೆಯದಾಯಿತು. ಆದರೆ ನಿಮ್ಮ ಲೇಖನ ಅದನ್ನೂ ಇದನ್ನೂ ಒಂದೇ ಬುಟ್ಟಿಗೆ ಹಾಕಿತು. ಬರೆದವರು ಇಂಥ ಒಂದು ಆಟವನ್ನಾದರೂ ಒಂದು ವಾರ ಆಡಿ ನೋಡಿ ಬರೆಯಲಿ ಎಂದು ಕೇಳುತ್ತೇನೆ.

ಈ ಆಟದಲ್ಲಿ ಸತ್ತವರ ಪಟ್ಟಿ ಒಂದಿದೆ. ಹೆಸರು, ಎಷ್ಟು ದಿನ ಜೊತೆಗಿದ್ದ, ಎಷ್ಟು ಕಾಳಗ ಕಂಡ, ಹೇಗೆ ಸತ್ತ. ಯಾರನ್ನೂ ಅಳಿಸುವುದಿಲ್ಲ. ಈಗಿನ ಆವೃತ್ತಿಯಲ್ಲಿ ಒಬ್ಬನನ್ನು ಕಂಪನಿಯಿಂದ ಬಿಡಿಸುವಾಗ ಪರಿಹಾರ ಕೊಡುತ್ತೀರಾ ಎಂದು ಕೇಳುತ್ತದೆ. ಕೊಡದೇ ಕಳಿಸಿದರೆ ಉಳಿದವರ ಮುಖ ಸಣ್ಣದಾಗುತ್ತದೆ. ಲೋಕಾಪುರನನ್ನು ಕೊನೆಗೆ ನಾನು ಪರಿಹಾರ ಕೊಟ್ಟೇ ಕಳಿಸಿದೆ.

ನಿಮ್ಮಲ್ಲಿ ಇನ್ನೊಂದು ಬೇಡಿಕೆ. ನವೆಂಬರ್ ಬಂದರೆ ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಲ್ಲಿ ಹೊಲಗಳ ಪಕ್ಕ ಗುಡಿಸಲು ಏಳುತ್ತವೆ. ಕಬ್ಬಿನ ದರದ ಬಗ್ಗೆ ನಿಮ್ಮ ಪತ್ರಿಕೆ ದಿನವೂ ಬರೆಯುತ್ತದೆ, ಬರೆಯಬೇಕು. ಆ ಜೊತೆಗೆ ಒಮ್ಮೆ ಕಡಿಯುವವರ ಗಾಯದ ದಿನಗಳ ಬಗ್ಗೆಯೂ ವರದಿ ಮಾಡಿ. ಟ್ರ್ಯಾಕ್ಟರ್ ಮಾಲೀಕರು, ಮುಕಾದಮರು ಇದನ್ನು ಓದುತ್ತಿದ್ದರೆ, ನಮ್ಮ ವಹಿಯ ಆ ಕಾಲಂ ಹೇಗೆ ಹಾಕಿದ್ದೇನೆ, ಲೆಕ್ಕ ಹೇಗೆ ಎಂಬುದರ ಝೆರಾಕ್ಸ್ ಈ ಪತ್ರದ ಜೊತೆ ಇಟ್ಟಿದ್ದೇನೆ. ಹೆಸರುಗಳನ್ನು ಮುಚ್ಚಿದ್ದೇನೆ. ಜಾಗ ಇದ್ದರೆ ಅದನ್ನೂ ಅಚ್ಚು ಹಾಕಿ.

ಇಂತಿ,
ಗ್ಯಾಂಗಿನ ಲೆಕ್ಕ ಬರೆಯುವ ಒಬ್ಬ ಓದುಗಾರ್ತಿ
ಮುಧೋಳ ತಾಲ್ಲೂಕು, ಬಾಗಲಕೋಟೆ ಜಿಲ್ಲೆ